ಹಾಲಿನ ಕ್ಯಾನಿನಲ್ಲಿ ಉಳಿದ ಪ್ರವಚನಗಳು ಕನ್ನಡಕ್ಕೆ: ದೇಣಿಗೆಗಾಗಿ ಮನವಿ

ಸಹೃದಯರೇ,

1950ರ ಡಿಸೆಂಬರಿನಲ್ಲಿ ಪೋಲೆಂಡಿನ ವಾರ್ಸಾ ನಗರದಲ್ಲಿ ನೆಲ ಅಗೆಯುತ್ತಿದ್ದ ಕಟ್ಟಡ ಕೆಲಸಗಾರರಿಗೆ ಎರಡು ಹಾಲಿನ ಕ್ಯಾನುಗಳು ಸಿಕ್ಕವು. ಡೇರಿಗೆ ಹಾಲು ಹಾಕುವ ನಮ್ಮವರಿಗೆ ಅವುಗಳ ಆಕಾರವನ್ನು ಬಿಡಿಸಿ ಹೇಳಬೇಕಿಲ್ಲ. ಒಳಗಿದ್ದದ್ದು, ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ಯೆಹೂದ್ಯರು ಗುಟ್ಟಾಗಿ ಹೂತಿಟ್ಟ ಕಾಗದಪತ್ರಗಳು. ಯೆಹೂದ್ಯರ ಭಕ್ತಿಪಂಥವಾದ ಹಸಿದೀ ಪಂಥದ, ಪ್ಯಾಸೆಚ್ನೊ ಊರಿನ ಗುರು ಕಲೊನಿಮಸ್ ಕಲ್ಮನ್ ಶಪಿರಾ ಅವರ ಕೈಬರಹವೂ ಅಲ್ಲಿತ್ತು. ಸಿಕ್ಕಿದವರು ದಯವಿಟ್ಟು ಪ್ಯಾಲೆಸ್ಟೈನಿನಲ್ಲಿರುವ ತಮ್ಮನಿಗೆ ತಲುಪಿಸಿ ಎಂಬ ಕೋರಿಕೆಯೂ ಜೊತೆಗಿತ್ತು.

1889ರಲ್ಲಿ ಹುಟ್ಟಿದ ಶಪಿರಾ ಮೂಲತಃ ಮೇಷ್ಟ್ರು ಎಂದೇ ನಮ್ಮ ಭಾವನೆ. 1923ರಲ್ಲಿ ವಾರ್ಸಾದಲ್ಲಿ ಪಾಠಶಾಲೆ ತೆರೆದರು. 1932ರಲ್ಲಿ ಹುಡುಗರನ್ನೇ ಉದ್ದೇಶಿಸಿ ಪುಸ್ತಕ ಬರೆದು, ನಿನಗೆ ನೀನೇ ಗುರುವಾಗಬೇಕು ಎಂದರು.

1939ರ ಸೆಪ್ಟೆಂಬರಿನ ಬಾಂಬ್ ದಾಳಿ ಅವರ ಮಗನನ್ನೂ ಸೊಸೆಯನ್ನೂ ಬಲಿ ತೆಗೆದುಕೊಂಡಿತು. ಆದರೂ 1942ರ ಬೇಸಿಗೆಯವರೆಗೆ ಯೆಹೂದ್ಯರ ಧರ್ಮಗ್ರಂಥವಾದ ತೋರಾದ ಆಯಾ ವಾರದ ಭಾಗ ಹಿಡಿದು, ಅವರ ಆಡುಮಾತಾದ ಯಿಡ್ಡಿಷ್ ಭಾಷೆಯಲ್ಲಿ ಪ್ರವಚನ ಮಾಡಿದರು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಬರೆಯುವಂತಿಲ್ಲ; ಹಾಗಾಗಿ ದಿನ ಕಳೆದ ಮೇಲೆ ನೆನಪಿನಿಂದ ಹೀಬ್ರೂವಿನಲ್ಲಿ ಬರೆದಿಡುತ್ತಿದ್ದರು.

1941ರ ಹನುಕ್ಕಾ ಹಬ್ಬದ ಪ್ರವಚನದಲ್ಲಿ, ಇಂಥ ಸಂಕಟ ಜೆರುಸಲೇಮಿನ ದೇವಾಲಯ ಉರುಳಿದಾಗಲೂ ನಮ್ಮ ಜನಕ್ಕೆ ಬಂದಿತ್ತು ಎಂದು ಧೈರ್ಯ ಹೇಳಿದ್ದರು. ಮರುವರ್ಷ ನಾಜಿಗಳು ವಾರ್ಸಾದ ಲಕ್ಷಾಂತರ ಯೆಹೂದ್ಯರನ್ನು ಟ್ರೆಬ್ಲಿಂಕಾದ ಕೊಲೆ ಶಿಬಿರಕ್ಕೆ ಸಾಗಿಸಿ ಕೊಂದರು. ಶಪಿರಾ ಅದೇ ಪ್ರವಚನಕ್ಕೆ ಮರಳಿ ಒಂದು ಟಿಪ್ಪಣಿ ಸೇರಿಸಿದರು: ಆ ಮಾತು ಅಲ್ಲಿಯವರೆಗಿನ ಕಷ್ಟಕ್ಕೆ ಮಾತ್ರ ಸಲ್ಲುತ್ತದೆ, ಈಗಿನದಕ್ಕೆ ಸಾಟಿಯಾದದ್ದು ಹಿಂದೆಂದೂ ಇರಲಿಲ್ಲ. ಹಳೆಯ ಸಾಲನ್ನು ಹೊಡೆದುಹಾಕಲಿಲ್ಲ. ತಾನೇ ಹೇಳಿದ ಸಾಂತ್ವನ ಸಾಲದಾಯಿತೆಂದು ಬರೆದಿಟ್ಟ ಗುರುವನ್ನು ನಾವು ಬೇರೆಲ್ಲೂ ಓದಿಲ್ಲ. ಅನುವಾದಕ್ಕೆ ಕೈಹಾಕಿದ್ದೇ ಈ ಟಿಪ್ಪಣಿಯ ಸೆಳೆತದಿಂದ. 1943ರ ನವೆಂಬರಿನಲ್ಲಿ ಟ್ರಾವ್ನಿಕಿ ಶಿಬಿರದಲ್ಲಿ ಅವರನ್ನು ಕೊಂದರು.

ಆಯ್ದ ಪ್ರವಚನಗಳ ಕರಡು ಇಂಗ್ಲಿಷಿನ ಮೂಲಕ ಸಿದ್ಧವಾಗಿದೆ. ಅನುವಾದಕರು ಸಂಭಾವನೆ ಬೇಡವೆಂದಿದ್ದಾರೆ. ಆದರೆ ಹೀಬ್ರೂ ಮೂಲದೊಂದಿಗೆ ಸಾಲುಸಾಲು ಹೋಲಿಸಿ ತಿದ್ದಿಸದೆ ಅಚ್ಚಿಗೆ ಕೊಡಲು ನಮಗೆ ಮನಸ್ಸಿಲ್ಲ. ಆ ಕೆಲಸದ ಗೌರವಧನ, ಕಾಗದ, ಮುದ್ರಣ ಸೇರಿ 1,40,000 ರೂಪಾಯಿ ಬೇಕು. 500 ರೂಪಾಯಿ ಕೊಟ್ಟವರಿಗೆ ಒಂದು ಪ್ರತಿ ಅಂಚೆಯಲ್ಲಿ ಬರುತ್ತದೆ; 1,000 ಕೊಟ್ಟರೆ ನೀವು ಹೇಳುವ ಶಾಲೆಗೋ ಗ್ರಂಥಾಲಯಕ್ಕೋ ಇನ್ನೊಂದು. ಕಡಿಮೆ ಕೊಡಲೂ ಸಂಕೋಚ ಬೇಡ, ಎಲ್ಲಕ್ಕೂ ರಸೀದಿ ಇದೆ.

ಖಾತೆಯ ವಿವರ ಈ ಪತ್ರದ ಹಿಂಬದಿಯಲ್ಲಿದೆ. ಹಣದ ಜೊತೆ ವಿಳಾಸವನ್ನೂ ತಿಳಿಸಿ. ಕಳೆದ ಪುಸ್ತಕದ ಹನ್ನೊಂದು ಪ್ರತಿಗಳು ವಿಳಾಸವಿಲ್ಲದೆ ಇನ್ನೂ ನಮ್ಮ ಬೀರುವಿನಲ್ಲೇ ಕುಳಿತಿವೆ.