ಹಸಿರು ಗಿಡಾ ಯಾಕ ಕಡೀತಾರ?

ಹಾರ್ಜ್ ಬೆಟ್ಟ, ಜರ್ಮನಿ

ತೀರ್ಥರೂಪ ಅಪ್ಪಾಜಿ ಅವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ಹಾನಗಲ್ಲದಾಗ ನೀವೆಲ್ಲಾರೂ ಕ್ಷೇಮ ಅಂತ ತಿಳದೇನಿ.

ಫೋಟೋ ನೋಡಿ, "ತುದಿತನಕ ಹಸಿರಿದ್ದ ಗಿಡಾ ಯಾಕ ಕಡದ್ರು? ಔಷಧಿ ಹೊಡದು ಉಳಸಾಕ ಬರತಿರಲಿಲ್ಲೇನು?" ಅಂತ ಕೇಳಿದ್ರಿ. ಫೋನಿನ್ಯಾಗ ಹೇಳಿ ಮುಗಿಯೂ ಮಾತಲ್ಲ, ಅದಕ್ಕ ಬರಿಯಾಕತ್ತೇನಿ.

ಅದಕ್ಕ ಕಾರಣ ಸ್ಪ್ರೂಸ್ ಅನ್ನೂ ಸೂಜಿ ಎಲಿ ಗಿಡಕ್ಕ ಬೀಳೂ ತೊಗಟಿ ದುಂಬಿ. ಉದ್ದ 4ರಿಂದ 5.5 ಮಿಲಿಮೀಟರ್, ಅಷ್ಟ. ವಸಂತದಾಗ ಹವಾ 16-17 ಡಿಗ್ರಿ ದಾಟಿತಂದ್ರ ಹಾರಾಕ ಶುರು ಮಾಡತೈತಿ. ಮೊದಲು ಗಂಡು ತೊಗಟಿ ಕೊರದು ಸಣ್ಣ ಕೋಣಿ ಮಾಡಿ ವಾಸನಿ ಬಿಡತೈತಿ. ಆ ವಾಸನಿಗೆ ಹೆಣ್ಣೂ ಬರತಾವ, ಉಳದ ಗಂಡೂ ಬರತಾವ. ಹೆಣ್ಣು ಕಾಂಡದ ಉದ್ದಕ್ಕ ಸುರಂಗ ಕೊರದು ಎರಡೂ ಬದಿಗೆ ತತ್ತಿ ಇಡತೈತಿ, ಮರಿಹುಳ ಅಡ್ಡಡ್ಡ ತಿಂತ ಹೋಗತಾವ. ಎಲಿಯಾಗ ತಯಾರಾದ ಆಹಾರ ಬೇರಿಗೆ ಇಳಿಯೂದು ಇದೇ ಒಳತೊಗಟಿಯಿಂದ. ಅದನ್ನ ಸುತ್ತಲೂ ತಿಂದ್ರ ಮ್ಯಾಲ ಎಷ್ಟ ಹಸಿರಿದ್ರೂ ಗಿಡಾ ಸತ್ತಂಗ.

ಗಟ್ಟಿ ಗಿಡಾ ಅಂಟು ಸುರಿಸಿ ದುಂಬಿನ್ನ ಮುಳಗಿಸಿ ಕೊಲ್ಲತೈತಿ. ಅಂಟು ಬರಾಕ ನೀರು ಬೇಕಲ್ರಿ. 2018ರ ಜನವರಿಯಾಗ ಬಿರುಗಾಳಿ ಗಿಡಾ ಕೆಡವಿತು, ಅದೇ ವರ್ಷ ಬ್ಯಾಸಿಗಿಯಾಗ ಮಳಿ ಕೈಕೊಟ್ಟಿತು. ಬಿದ್ದ ಗಿಡದಾಗ ಸಂತತಿ ಬೆಳೀತು, ನಿಂತ ಗಿಡದಾಗ ಅಂಟು ಇರಲಿಲ್ಲ. ಬೆಟ್ಟಕ್ಕ ಬೆಟ್ಟನ ಬೋಳಾಗಿದ್ದು ಹಿಂಗ. ಅದಕ್ಕ ಗಾಳಿಗೆ ಬಿದ್ದ ಗಿಡಾ ಹಾರಾಟ ಶುರುವಾಗೂದರೊಳಗ ಕಾಡಿನಿಂದ ಹೊರಗ ಹೋಗಬೇಕು.

ಇನ್ನ ಹುಡುಕೂ ಕೆಲಸ. ಎಲ್ಲಾ ನಿಂತಿರೂದು ಇದರ ಮ್ಯಾಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ, ತಡಾ ಆದ್ರ ಎರಡು ವಾರಕ್ಕೊಮ್ಮೆ, ಗಿಡದಿಂದ ಗಿಡಕ್ಕ ನಡದು ನೋಡಬೇಕು. ಹೋದ ವರ್ಷ ಹುಳ ಬಿದ್ದ ಜಾಗಾದ ಸುತ್ತ, ಹೊಸದಾಗಿ ಬಿಸಿಲು ಬಿದ್ದ ಅಂಚಿನ ಗಿಡಾ ಮೊದಲು. ತಲಿ ಎತ್ತಿ ಅಲ್ಲ, ಬಗ್ಗಿ ನೋಡಬೇಕು. ಬುಡದ ತೊಗಟಿ ಸೀಳಿನ್ಯಾಗ, ಪಾಚಿ ಮ್ಯಾಲ, ಜೇಡರ ಬಲಿಯಾಗ ನಶ್ಯದಂಥ ಕಂದು ಪುಡಿ ಕುಂತಿರತೈತಿ. ಪುಡಿ ಬೆಳ್ಳಗಿದ್ರ ಅದು ಕಟ್ಟಿಗಿ ಒಳಗ ಕೊರಿಯೂ ಬ್ಯಾರೆ ಹುಳ. ಮಳಿ ಒಂದ ಹೊಡತಕ್ಕ ಪುಡಿ ತೊಳದು ಹೋಗತೈತಿ, ಗಾಳಿನೂ ಹಾರಸತೈತಿ, ಅದಕ್ಕ ಒಣ, ಗಾಳಿ ಇಲ್ಲದ ದಿನಾನ ಬೇಕು. ಎಲಿ ಕೆಂಪಾಗಿ, ತೊಗಟಿ ಉದುರೂ ಹೊತ್ತಿಗೆ ಬಹಳ ಸಲ ದುಂಬಿ ಪಕ್ಕದ ಗಿಡಕ್ಕ ಹೋಗಿಬಿಟ್ಟಿರತೈತಿ.

ತತ್ತಿಯಿಂದ ಹೊಸ ದುಂಬಿ ಹೊರಬೀಳಾಕ ಹವಾ ನೋಡಿ 6ರಿಂದ 10 ವಾರ. ಒಂದ ಗಿಡದಿಂದ ಸಾವಿರಾರು ಬರತಾವ. ಕಡದು, ಅಷ್ಟರೊಳಗ ದಿಮ್ಮಿನ್ನ ಹತ್ತಿರದ ಸ್ಪ್ರೂಸ್ ಕಾಡಿನಿಂದ ಕನಿಷ್ಠ 500 ಮೀಟರ್ ದೂರ ಸಾಗಸಬೇಕು. ಕಡದು ದಾರಿ ಬದಿಗೆ ಒಟ್ಟಿ ಲಾರಿ ಕಾಯಕೋಂತ ಕುಂತ್ರ ಕಡದದ್ದೂ ದಂಡ, ದುಂಬಿ ಅಲ್ಲಿಂದನ ಹಾರತಾವ. ಲಾರಿ ಸಿಗಲಿಲ್ಲಂದ್ರ ತೊಗಟಿ ಸುಲಿಬೇಕು. ಒಳಗ ಬಿಳಿ ಹುಳ, ಬಿಳಿ ಕೋಶ ಅಷ್ಟ ಇದ್ರ ಸುಲದು ಬಿಟ್ರ ಸಾಕು, ಒಣಗಿ ಸಾಯತಾವ. ಕಂದು ಬಣ್ಣದ ದುಂಬಿ ಕಂಡ್ರ ಸುಲದ ತೊಗಟಿನೂ ಸುಡಬೇಕು, ಇಲ್ಲಾ ಪುಡಿ ಮಾಡಬೇಕು. ತುದಿ, ಟೊಂಗಿನೂ ಬಿಡಬಾರದು. 2 ಮಿಲಿಮೀಟರಿನ ಇನ್ನೊಂದು ದುಂಬಿಗೆ ತೆಳು ತೊಗಟಿನ ಬೇಕು.

ನೀವು ಕೇಳಿದ ಔಷಧಿ ನಿಂತ ಗಿಡಕ್ಕ ಉಪಯೋಗಿಲ್ಲ, ಹುಳ ತೊಗಟಿ ಒಳಗಿರತಾವ. ಸಾಗಸಾಕ ಆಗದ ದಿಮ್ಮಿ ರಾಶಿಗೆ, ಬ್ಯಾರೆ ದಾರಿ ಇಲ್ಲದಾಗ ಅಷ್ಟ ಹೊಡೀತಾರ. ದುಂಬಿನ್ನ ಕರಿಯೂ ವಾಸನಿ ಇಟ್ಟ ಬಲಿ ತೂಗಹಾಕೂದು ಹಾರಾಟ ಯಾವಾಗ ಶುರುವಾತು ಅಂತ ತಿಳಿಯಾಕ. ಅದನ್ನ ಜೀವಂತ ಸ್ಪ್ರೂಸಿನಿಂದ ಹತ್ತು ಮೀಟರ್ ಆದರೂ ದೂರ ಇಡಬೇಕು, ಇಲ್ಲಾಂದ್ರ ಬಲಿಗೆ ಬಂದ ದುಂಬಿ ಪಕ್ಕದ ಗಿಡಕ್ಕ ಹತ್ತತಾವ. ದುಂಬಿ ಬಿಟ್ಟು ಹೋದ ಒಣಗಿದ ಗಿಡಾ ಅವಸರದಿಂದ ಕಡಿಯೂದ್ರಿಂದ ರೋಗ ನಿಲ್ಲಂಗಿಲ್ಲ. ತೊಗಟಿ ದುಂಬಿನ್ನ ತಿನ್ನೂ ಹುಳ ಅದರಾಗ ಉಳದಿರತಾವ, ನನ್ನ ಕೇಳಿದ್ರ ದಾರಿ ಬದಿಗೆ ಇಲ್ಲದಿದ್ರ ನಿಂದರಲಿ ಬಿಡಬೇಕು. ಖಾಲಿಯಾದಲ್ಲಿ ಈಗ ಬೀಚ್, ಮೇಪಲ್ ಅನ್ನೂ ಅಗಲ ಎಲಿ ಗಿಡಾ ಕೂಡಿಸಿ ಹಚ್ಚತಾರ, ಬರೇ ಸ್ಪ್ರೂಸ್ ಬ್ಯಾಡ ಅಂತ.

ನಮ್ಮ ಮಾವಿನ ಕಾಂಡಕೊರಕಕ್ಕ ಈ ಲೆಕ್ಕ ಹಾಕಬ್ಯಾಡ್ರಿ. ಅದು ದೊಡ್ಡ ಹುಳ, ಗಿಡಕ್ಕ ಕೆಲವ ಇರತಾವ, ಒಂದೊಂದನ್ನ ಹಿಡದು ಗಿಡಾ ಉಳಸಾಕ ಬರತೈತಿ. ತೂತಿನಿಂದ ನಾರಿನಂಥ ಪುಡಿ ಹೊಸದಾಗಿ ಬೀಳತಿದ್ರ ಕೊಕ್ಕಿ ಮಾಡಿದ ತಂತಿ ಒಳಗ ಹಾಕಿ ಹುಳಾ ಎಳೀರಿ, ತೂತಿಗೆ ಹಸಿ ಮಣ್ಣು ಮೆತ್ತರಿ. ವಾರ ಬಿಟ್ಟು ನೋಡ್ರಿ. ಮತ್ತ ಪುಡಿ ಬಿದ್ದಿದ್ರ ಹುಳಾ ಇನ್ನೂ ಒಳಗೈತಿ ಅಂತ ತಿಳೀರಿ. ಪೂರಾ ಒಣಗಿದ ಟೊಂಗಿ ಕಡದು ಸುಡ್ರಿ, ಹೊಲದ ಬದುವಿನ ಮ್ಯಾಲ ಒಟ್ಟಬ್ಯಾಡ್ರಿ.

ಅವ್ವಗ, ಕಾಕಾಗ ನಮಸ್ಕಾರ ತಿಳಸ್ರಿ.

ನಿಮ್ಮ ಮಗಳು