ಡಿಸೆಂಬರ್‌ನಿಂದ ಎಲ್ಲ ಮಕ್ಕಳಿಗೂ ಒಂದೇ ಪಂಕ್ತಿ: ಹೆತ್ತವರಿಗೆ ಊಟದ ಮನೆಯ ಪತ್ರ

ಮಾನ್ಯ ಹೆತ್ತವರೇ ಮತ್ತು ರಕ್ಷಕರೇ,

ವಂದನೆಗಳು. 2025ರ ಡಿಸೆಂಬರ್ 1, ಸೋಮವಾರದಿಂದ ಶಾಲೆಯ ಆವರಣದಲ್ಲಿರುವ ನಮ್ಮ ಊಟದ ಮನೆಯ ಕೌಂಟರನ್ನು ಮುಚ್ಚುತ್ತಿದ್ದೇವೆ. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ಬಿಡಿಯಾಗಿ ಮಾರುತ್ತಿದ್ದ ಪಫ್ಸ್, ಗೋಳಿಬಜೆ, ಫ್ರೈಡ್ ರೈಸ್, ಪಲಾವ್ ಯಾವುದೂ ಇನ್ನು ಮುಂದೆ ಇರುವುದಿಲ್ಲ. ಅದರ ಬದಲು ಇಂಗ್ಲಿಷ್ ಮಾಧ್ಯಮ ವಿಭಾಗದ ಮಕ್ಕಳು ದೊಡ್ಡ ಸಭಾಂಗಣದಲ್ಲಿ, ಕನ್ನಡ ಮಾಧ್ಯಮದ ಮಕ್ಕಳ ಜೊತೆಗೆ, ಅದೇ ಹೊತ್ತಿಗೆ, ಅದೇ ಚಾಪೆಯ ಮೇಲೆ ಕುಳಿತು ಅನ್ನ, ಸಾರು, ಪಲ್ಯದ ಊಟ ಮಾಡುತ್ತಾರೆ. ತಿಂಗಳ ಊಟದ ಶುಲ್ಕ 900 ರೂಪಾಯಿಯಿಂದ 1,050 ರೂಪಾಯಿಗೆ ಏರುತ್ತದೆ. ಶಾಲಾ ಸಂಚಾಲಕರಾದ ಫಾದರ್, ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮತ್ತು ಶಿಕ್ಷಕ-ರಕ್ಷಕ ಸಂಘದ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದರೂ ತೀರ್ಮಾನ ಊಟದ ಮನೆ ನಡೆಸುವ ನಮ್ಮ ಮಹಿಳಾ ಸಹಕಾರ ಸಂಘದ್ದು, ಆದ್ದರಿಂದ ಉತ್ತರ ಹೇಳಬೇಕಾದವರೂ ನಾವೇ.

ಶೈಕ್ಷಣಿಕ ವರ್ಷದ ನಡುವೆ, ಕ್ರಿಸ್ಮಸ್ ಖರ್ಚಿನ ತಿಂಗಳು ಎದುರಿಗಿರುವಾಗಲೇ ಈ ಪತ್ರ ನಿಮ್ಮ ಕೈ ಸೇರುತ್ತಿರುವುದರಿಂದ ಎಷ್ಟೋ ಮನೆಗಳಿಗೆ ತೊಂದರೆಯಾಗುತ್ತದೆಂಬುದು ನಮಗೆ ತಿಳಿದಿದೆ. ಅದಕ್ಕಾಗಿ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ನಮ್ಮ ಸಂಘ ಹೇಗೆ ಹುಟ್ಟಿತು, ಯಾರ ಜಗಲಿಯಲ್ಲಿ ಮೊದಲ ಒಲೆ ಹೊತ್ತಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಅನೇಕರು ನಮ್ಮ ಕೈಯ ಗಂಜಿ ಉಂಡೇ ಈ ಶಾಲೆಯಲ್ಲಿ ಓದಿದವರು.

ಕೌಂಟರ್ ಮುಚ್ಚಲು ಮೊದಲ ಕಾರಣ ಕಾನೂನಲ್ಲ, ಆದರೆ ಕಾನೂನೂ ಒಂದಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಚಿಪ್ಸ್ ಮತ್ತು ತಂಪು ಪಾನೀಯಗಳನ್ನು ನಾವು ಆಗಲೇ ತೆಗೆದಿದ್ದೆವು. ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ.

ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ನಮ್ಮ ಶಾಲೆಯ ಅಂಗಳ ಹೇಗಿರುತ್ತದೆಂದು ನಿಮಗೆ ಗೊತ್ತು. ಎರಡೂ ಮಾಧ್ಯಮದ ಮಕ್ಕಳು, ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಂಬ ಭೇದವಿಲ್ಲದೆ, ಮನೆಯ ಹಿತ್ತಲಿನ ದಾಸವಾಳ, ಗೌರಿ ಹೂ, ಕಾಕಡ ಏನು ಸಿಕ್ಕಿದರೆ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಒಂದೇ ಸಾಲಿನಲ್ಲಿ ಬಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಈ ವರ್ಷವೂ ಹಾಗೆಯೇ ಬಂದರು. ಅದೇ ದಿನ ಮಧ್ಯಾಹ್ನ ಗಂಟೆ ಹೊಡೆದಾಗ ಸಾಲು ಎರಡಾಯಿತು. ಕನ್ನಡ ವಿಭಾಗದವರು ಮನೆಯಿಂದ ತಂದ ಬಟ್ಟಲು ಹಿಡಿದು ಬಿಸಿಯೂಟಕ್ಕೆ ಸಭಾಂಗಣದೊಳಗೆ ಹೋದರು. ಇಂಗ್ಲಿಷ್ ವಿಭಾಗದವರು ನಮ್ಮ ಕೌಂಟರಿನ ಮುಂದೆ ನಿಂತರು. ಒಂದೇ ಮನೆಯ ಅಕ್ಕ ಒಳಗೆ ಅನ್ನ ಸಾರು ಉಣ್ಣುತ್ತಿದ್ದಳು. ತಮ್ಮ ಕಿಟಕಿಯ ಹೊರಗೆ ನಿಂತು, ಕಾಗದದಲ್ಲಿ ಸುತ್ತಿದ ಪಫ್ಸಿನ ತುಂಡು ಮುರಿದು ಸರಳುಗಳ ನಡುವಿನಿಂದ ಅವಳ ಕೈಗೆ ಹಾಕುತ್ತಿದ್ದ. ಅವಳು ತನ್ನ ಬಟ್ಟಲಿನ ಮೊಟ್ಟೆಯನ್ನು ಎರಡಾಗಿ ಮಾಡಿ ಅರ್ಧವನ್ನು ಅವನಿಗೆ ಕೊಟ್ಟಳು. ಬಡಿಸುತ್ತಿದ್ದ ನಮ್ಮ ಸದಸ್ಯೆಯರು ಅದನ್ನು ಕಂಡರು. ಅಂದು ಸಂಜೆ ಪಾತ್ರೆ ತೊಳೆಯುವಾಗ ನಮ್ಮೊಳಗೆ ಬಂದ ಮಾತೇ ಈ ಬದಲಾವಣೆಯ ಮೂಲ.

ಇನ್ನೊಂದು ವಿಷಯ ಅಡುಗೆ ಮಾಡುವವರಿಗಷ್ಟೇ ಗೊತ್ತಾಗುವಂಥದ್ದು. ಕೌಂಟರಿನಲ್ಲಿ ಮಾರುವಾಗ ನಮಗೆ ಕಾಣುವುದು ಹಣ ಹಿಡಿದ ಕೈ ಮಾತ್ರ. ಆ ಮಗು ತಿಂದಿತೇ, ತಿಂಡಿಯನ್ನು ಬೇರೆಯವರಿಗೆ ಕೊಟ್ಟಿತೇ, ನಳ್ಳಿಯ ಹಿಂದೆ ಒಂಟಿಯಾಗಿ ಕುಳಿತಿತೇ, ಒಂದೂ ತಿಳಿಯುವುದಿಲ್ಲ. ಪಂಕ್ತಿಯಲ್ಲಿ ಬಡಿಸುವಾಗ ಹಾಗಲ್ಲ. ರಜೆ ಮುಗಿಸಿ ತಂದೆ ಗಲ್ಫಿಗೆ ಹೊರಟ ವಾರ ಯಾವ ಮಗು ಅನ್ನ ಕಲಸಿ ಹಾಗೆಯೇ ಬಿಡುತ್ತದೆ, ಅಜ್ಜಿ ಆಸ್ಪತ್ರೆಯಲ್ಲಿರುವಾಗ ಯಾವ ಮಗು ಎರಡನೇ ಸಲ ಅನ್ನ ಕೇಳುತ್ತದೆ ಎಂಬುದು ಬಡಿಸುವವರ ಕಣ್ಣಿಗೆ ಬೀಳುತ್ತದೆ. ಕನ್ನಡ ವಿಭಾಗದಲ್ಲಿ ಬಡಿಸಲು ನೆರವಾಗುವ ನಮ್ಮ ಸದಸ್ಯೆಯರು ಇಂಥದ್ದನ್ನು ಅಂದಿನಂದೇ ತರಗತಿ ಶಿಕ್ಷಕಿಯ ಕಿವಿಗೆ ಹಾಕುತ್ತಾರೆ, ಶಿಕ್ಷಕಿ ಮನೆಗೆ ಫೋನ್ ಮಾಡುತ್ತಾರೆ. ಇಂಗ್ಲಿಷ್ ವಿಭಾಗದ ಮಕ್ಕಳ ವಿಷಯದಲ್ಲಿ ಅದು ಇಷ್ಟು ದಿನ ಸಾಧ್ಯವಿರಲಿಲ್ಲ. ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಹೆತ್ತವರ ಸಭೆಗಳಲ್ಲಿ ಈಚೆಗೆ ತುಂಬ ಮಾತಾಗುತ್ತಿದೆ. ಆ ಕೆಲಸದಲ್ಲಿ ಅಡುಗೆಮನೆಯ ಪಾಲು ಇದು ಎಂದು ನಾವು ನಂಬಿದ್ದೇವೆ.

ಈಗ ನಾವು ಮತ್ತೆ ಮತ್ತೆ ಕೇಳಿದ ದೂರಿಗೆ ಬರುತ್ತೇವೆ. ಗೇಟಿನ ಬಳಿ, ಫೋನಿನಲ್ಲಿ, ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲಲ್ಲಿ ಎದುರಾಗುವ ಪ್ರಶ್ನೆ ಒಂದೇ: "ನಾವು ಹಣ ಕೊಟ್ಟೂ ನಮ್ಮ ಮಗುವಿಗೆ ಬಿಸಿಯೂಟದಂಥ ಊಟವೇ ಏಕೆ?"

ಮೊದಲು ಲೆಕ್ಕದ ಮಾತು. ಅಕ್ಷರ ದಾಸೋಹ ಎಂಬ ಸರ್ಕಾರದ ಬಿಸಿಯೂಟ ಯೋಜನೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಸೇರಿದ್ದು. ನಮ್ಮಲ್ಲಿ ಕನ್ನಡ ವಿಭಾಗ ಅನುದಾನಿತ, ಇಂಗ್ಲಿಷ್ ವಿಭಾಗ ಅನುದಾನರಹಿತ. ಸರ್ಕಾರ ಕೊಡುವ ಅಕ್ಕಿ, ಬೇಳೆ, ಎಣ್ಣೆಯಲ್ಲಿ ಒಂದು ಕಾಳು, ಒಂದು ಹನಿಯೂ ನಮ್ಮ ಪಾತ್ರೆಗೆ ಬರುವುದಿಲ್ಲ, ಬರಲೂಬಾರದು. ಅಡುಗೆಮನೆ ಎರಡು, ದಾಸ್ತಾನು ಎರಡು, ಪುಸ್ತಕ ಎರಡು. ಒಂದಾಗುವುದು ಸಭಾಂಗಣ, ಹೊತ್ತು ಮತ್ತು ಆಯಾ ದಿನದ ಸಾರು ಪಲ್ಯದ ತರಕಾರಿ ಮಾತ್ರ. ಸೋಮವಾರ ಅಲ್ಲಿ ತೊಂಡೆಕಾಯಿಯಾದರೆ ಇಲ್ಲಿಯೂ ತೊಂಡೆಕಾಯಿ. ಬುಧವಾರ ಅಲಸಂದೆ ಗಸಿಯಾದರೆ ಎರಡೂ ಕಡೆ ಅದೇ. ಅನ್ನದಲ್ಲಿ ಮಾತ್ರ ವ್ಯತ್ಯಾಸ ಉಳಿಯುತ್ತದೆ: ನಮ್ಮದು ಎಂದಿನಂತೆ ಕುಚ್ಚಲಕ್ಕಿ, ಅವರದು ಸರಬರಾಜಿನಲ್ಲಿ ಬಂದ ಅಕ್ಕಿ.

ಇನ್ನು "ಬಿಸಿಯೂಟದಂಥ" ಎಂಬ ಮಾತು. ಆ ಊಟ ಕಡಿಮೆ ದರ್ಜೆಯದೆಂಬ ಭಾವನೆ ಹಲವರಲ್ಲಿದೆ, ಅದು ನಮಗೆ ನೋವು ತಂದಿದೆ. ಆ ಯೋಜನೆಯಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ. ಆರರಿಂದ ಎಂಟನೇ ತರಗತಿಯವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆಕಾಳು, 75 ಗ್ರಾಂ ತರಕಾರಿ ಎಂಬ ಅಳತೆಯಿದೆ. ಊಟದಿಂದ ಚಿಕ್ಕವರಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ದೊಡ್ಡವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಸಿಗಬೇಕು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. 2013ರ ಆಗಸ್ಟ್‌ನಿಂದ ಹಾಲು ಸೇರಿತು. 2024ರಿಂದ ವಾರದ ಆರು ದಿನವೂ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಸಿಗುವಂತಾಯಿತು. ಕೌಂಟರಿನಲ್ಲಿ ನಿಮ್ಮ ಮಗು ಕೊಳ್ಳುತ್ತಿದ್ದ ಪಫ್ಸಿಗೆ ಇಂಥ ಯಾವ ಅಳತೆಯೂ ಇರಲಿಲ್ಲ. ಎರಡು ತಟ್ಟೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಹಣ ಕೊಟ್ಟ ಮಗುವಿನ ತಟ್ಟೆಯೇ ಬಡವಾಗಿತ್ತೆಂಬುದನ್ನು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಡಿಸೆಂಬರ್‌ನಿಂದ ನಮ್ಮ ಊಟದಲ್ಲಿಯೂ ಇದೇ ಅಳತೆಯನ್ನು ಕನಿಷ್ಠವೆಂದು ಪಾಲಿಸುತ್ತೇವೆ, ಮೊಟ್ಟೆ ಅಥವಾ ಬಾಳೆಹಣ್ಣನ್ನು ದಿನವೂ ಕೊಡುತ್ತೇವೆ.

ಕೆಲವರು ಇನ್ನೂ ಬಿಚ್ಚಿ ಹೇಳಿದರು: ಯಾರ ಯಾರ ಪಕ್ಕದಲ್ಲೋ ಕುಳಿತು ತಮ್ಮ ಮಗು ಉಣ್ಣುವುದು ಇಷ್ಟವಿಲ್ಲ ಎಂದು. ಈ ಮಾತಿಗೆ ನಮ್ಮಲ್ಲಿ ಮೃದುವಾದ ಉತ್ತರವಿಲ್ಲ. ಪಂಕ್ತಿಭೇದದ ನೋವು ಏನೆಂದು ಈ ಕರಾವಳಿಯಲ್ಲಿ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಹುಟ್ಟಿದ ಬೆಥನಿ ಸನ್ಯಾಸಿನಿಯರ ಸಭೆಯಾಗಲಿ, ಅದಕ್ಕೂ ಮೊದಲು 1887ರಲ್ಲಿ ಮಂಗಳೂರಿನಲ್ಲೇ ಆರಂಭವಾದ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಯಾಗಲಿ, ಹಳ್ಳಿಯ ಹೆಣ್ಣುಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಓದಿಸಿದ ಜಿಲ್ಲೆ ಇದು. ಇಗರ್ಜಿಯ ನೆರಳಿನಲ್ಲಿರುವ ಶಾಲೆಯಲ್ಲಿ ಶುಲ್ಕದ ರಸೀದಿ ನೋಡಿ ಚಾಪೆ ಹಾಸುವ ಕೆಲಸ ನಮ್ಮಿಂದ ಆಗುವುದಿಲ್ಲ. ಇದೊಂದೇ ಕಾರಣಕ್ಕೆ ಯಾರಾದರೂ ನಮ್ಮ ಊಟವನ್ನು ಬಿಡುವುದಾದರೆ, ಆ ಮಗು ಮನೆಯ ಬುತ್ತಿ ತಂದು ಅದೇ ಸಭಾಂಗಣದಲ್ಲಿ ಕುಳಿತು ಉಣ್ಣಬಹುದು. ಅದರ ಪಕ್ಕದಲ್ಲಿಯೂ ಯಾರಾದರೂ ಕುಳಿತೇ ಇರುತ್ತಾರೆ.

ಶುಲ್ಕದ ಬಗ್ಗೆ ಬಂದ ಮಾತು ನಮ್ಮನ್ನು ಹೆಚ್ಚು ನೋಯಿಸಿದೆ. ಸಂಘ ಮಕ್ಕಳ ಊಟದಲ್ಲಿ ಲಾಭ ಮಾಡುತ್ತಿದೆಯೆಂದು ಹೆತ್ತವರ ಗುಂಪಿನಲ್ಲಿ ಬರೆದವರು ಒಮ್ಮೆ ಅಡುಗೆಮನೆಯ ಹೊಸ್ತಿಲಿಗೆ ಬರಬೇಕಿತ್ತು. ತೆಂಗಿನಕಾಯಿಯನ್ನೇ ನೋಡಿ. ಕಾಯಿ ಅರೆದು ಹಾಕದ ಸಾರನ್ನು ನಮ್ಮೂರಿನ ಮಕ್ಕಳು ಬಾಯಿಗಿಡುವುದಿಲ್ಲ. ಈ ವರ್ಷದ ಮಳೆಗಾಲದಲ್ಲಿ ತೆಂಗಿನಕಾಯಿ ಕಿಲೋಗೆ 60 ರೂಪಾಯಿ ದಾಟಿತು, ತೆಂಗಿನೆಣ್ಣೆ 400 ರೂಪಾಯಿ ದಾಟಿತು. ಬೆಲೆ ಏರಿದ ಆ ತಿಂಗಳುಗಳಲ್ಲಿ ನಾವು ನಿಮ್ಮಲ್ಲಿ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ, ಕಾಯಿಯನ್ನೂ ಕಡಿಮೆ ಮಾಡಲಿಲ್ಲ. ನಮ್ಮ ದಿನಗೂಲಿಯಲ್ಲಿ ಒಂದು ಪಾಲು ಬಿಟ್ಟುಕೊಟ್ಟು ಸರಿದೂಗಿಸಿದೆವು. ಗ್ಯಾಸಿನ ಕತೆಯೂ ಹಾಗೆಯೇ. ಮನೆಯ ಸಿಲಿಂಡರಿಗೆ ಜಿಎಸ್‌ಟಿ ಶೇಕಡಾ 5. ನಾವು ಬಳಸಬೇಕಾದ 19 ಕಿಲೋದ ವಾಣಿಜ್ಯ ಸಿಲಿಂಡರಿಗೆ ಶೇಕಡಾ 18, ಅದರ ದರವೂ ಹೆಚ್ಚಾಗಿ ತಿಂಗಳ ಮೊದಲ ದಿನ ಬದಲಾಗುತ್ತದೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕೆಂದು ಮನೆಯಲ್ಲಿ ಅಡುಗೆ ಮಾಡುವ ನಿಮಗೆ ವಿವರಿಸಬೇಕಾಗಿಲ್ಲ.

ಮಳೆ ರಜೆಯ ಮಾತು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ರಜೆಯ ದಿನದ ಹಣ ವಾಪಸು ಕೊಡಿ ಎಂಬ ಬೇಡಿಕೆ ಜೂನ್‌ನಿಂದ ಆಗಸ್ಟ್‌ವರೆಗೆ ನಿಂತೇ ಇರಲಿಲ್ಲ. ರೆಡ್ ಅಲರ್ಟ್ ಬಂದಾಗ ಜಿಲ್ಲಾಡಳಿತ ರಜೆ ಕೊಡುವುದು ಮಕ್ಕಳ ಜೀವದ ಕಾಳಜಿಯಿಂದ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ಸಂದೇಶ ರಾತ್ರಿ ಫೋನಿಗೆ ಬರುವ ಹೊತ್ತಿಗೆ ಹೆಸರುಕಾಳು, ಅಲಸಂದೆ ನೀರಿನಲ್ಲಿ ಬಿದ್ದು ಉಬ್ಬಿರುತ್ತದೆ, ತರಕಾರಿ ಬಂದು ಇಳಿದಿರುತ್ತದೆ. ಬೆಳಗಿನ ಜಾವ ಸಂದೇಶ ಬಂದರೆ ಕಾಯಿಯೂ ತುರಿದಾಗಿರುತ್ತದೆ. ನೆನೆದ ಕಾಳನ್ನು ಮತ್ತೆ ಒಣಗಿಸಲಾಗುವುದಿಲ್ಲ, ಆ ಮಳೆಯಲ್ಲಂತೂ ಆಗುವುದೇ ಇಲ್ಲ. ಅದನ್ನು ಸದಸ್ಯೆಯರೇ ಹಂಚಿಕೊಂಡು, ಉಳಿದದ್ದನ್ನು ನೆರೆಯವರಿಗೆ ಕೊಟ್ಟು, ನಷ್ಟವನ್ನು ಸಂಘದ ಪುಸ್ತಕದಲ್ಲಿ ಬರೆದಿದ್ದೇವೆ. ಆ ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನವೂ ತರಗತಿ ನಡೆಸಿದಾಗ ಮಕ್ಕಳಿಗೆ ಬಡಿಸಿದ ಊಟಕ್ಕೆ ಬೇರೆ ಹಣ ಕೇಳಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಮುಂದೆಯೂ ಕೇಳುವುದಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನಮ್ಮ ಪುಸ್ತಕಗಳು ಪ್ರತಿವರ್ಷ ಲೆಕ್ಕಪರಿಶೋಧನೆಗೆ ಒಳಪಡುತ್ತವೆ. ಅದರ ಪ್ರತಿ ಶಾಲಾ ಕಚೇರಿಯಲ್ಲಿದೆ, ಯಾವ ಹೆತ್ತವರು ಬೇಕಾದರೂ ಬಿಡಿಸಿ ನೋಡಬಹುದು.

ಅಡುಗೆಮನೆಯಲ್ಲಿ ಮಾಂಸ, ಮೀನು ಎಂದಿನಂತೆ ಇಲ್ಲ. ಮೊಟ್ಟೆ ಬೇಯಿಸುವ ಪಾತ್ರೆ, ಬಡಿಸುವ ಚಮಚ ಬೇರೆ ಇರುತ್ತವೆ. ನೆಲಗಡಲೆ, ಹಾಲು ಅಥವಾ ಬೇರೆ ಯಾವುದಾದರೂ ಪದಾರ್ಥ ಒಗ್ಗದ ಮಗುವಿದ್ದರೆ ತರಗತಿ ಶಿಕ್ಷಕಿಗೂ ನಮಗೂ ಬರವಣಿಗೆಯಲ್ಲಿ ತಿಳಿಸಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ 2026ರಲ್ಲಿ ಫೆಬ್ರವರಿ 18ರಂದು ಬರುತ್ತದೆ, ರಂಜಾನ್ ಉಪವಾಸವೂ ಅದರ ಆಸುಪಾಸಿನಲ್ಲೇ ಆರಂಭವಾಗುತ್ತದೆ. ಧರ್ಮಸಭೆಯ ನಿಯಮದಲ್ಲಿ ಮಾಂಸ ವರ್ಜನೆಯ ಕಟ್ಟುಪಾಡು 14 ವರ್ಷ ತುಂಬಿದವರಿಗೆ ಮಾತ್ರ ಇದ್ದರೂ, ತಪಸ್ಸುಕಾಲದಲ್ಲಿ ಮೊಟ್ಟೆಯನ್ನೂ ಬಿಡಿಸುವ ಮನೆಗಳಿವೆ. ಅಂಥ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತೇವೆ. ಉಪವಾಸವಿರುವ ದೊಡ್ಡ ತರಗತಿಯ ಮಕ್ಕಳು ಊಟದ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂರಲು ಸಿಸ್ಟರ್ ಒಪ್ಪಿದ್ದಾರೆ, ಅವರ ಆ ತಿಂಗಳ ಶುಲ್ಕವನ್ನು ನಾವು ಪಡೆಯುವುದಿಲ್ಲ. ಊಟಕ್ಕೆ ಮುಂಚಿನ ಪ್ರಾರ್ಥನೆ ಈಗ ಬೆಳಗಿನ ಸಭೆಯಲ್ಲಿ ಎಲ್ಲರೂ ಹೇಳುವ ಕನ್ನಡ ಪ್ರಾರ್ಥನೆಯೇ; ಹೇಳಲು ಇಷ್ಟವಿಲ್ಲದ ಮಗು ಸುಮ್ಮನೆ ಕೈಮುಗಿದು ಕುಳಿತರೆ ಸಾಕು.

1,050 ರೂಪಾಯಿ ಕೊಡಲು ಕಷ್ಟವಾಗುವ ಮನೆಯವರು ದಯವಿಟ್ಟು ಮಗುವಿನ ಊಟ ನಿಲ್ಲಿಸಬೇಡಿ. ಸಂಜೆ ನಾಲ್ಕರ ನಂತರ ಕಾರ್ಯದರ್ಶಿಯನ್ನು ಕಂಡು ಕೊಡಲಾಗುವಷ್ಟನ್ನು ಹೇಳಿ. ಆ ಮಾತು ಶಿಕ್ಷಕರ ಕೊಠಡಿಗೂ ಹೋಗುವುದಿಲ್ಲ, ಮಕ್ಕಳ ತಟ್ಟೆಯಲ್ಲೂ ಕಾಣುವುದಿಲ್ಲ. ಇಬ್ಬರು ಮಕ್ಕಳಿರುವವರಿಗೆ ಎರಡನೇ ಮಗುವಿನ ಶುಲ್ಕ ಹಳೆಯ 900 ರೂಪಾಯಿಯಲ್ಲೇ ಮುಂದುವರಿಯುತ್ತದೆ.

ಈ ಪತ್ರದ ಜೊತೆಗಿರುವ ಚೀಟಿಯಲ್ಲಿ ಮಗುವಿನ ತರಗತಿ, ಮೊಟ್ಟೆಯೋ ಬಾಳೆಹಣ್ಣೋ ಎಂಬುದನ್ನು ಬರೆದು ನವೆಂಬರ್ 26ರೊಳಗೆ ತರಗತಿ ಶಿಕ್ಷಕಿಯ ಕೈಗೆ ಕಳುಹಿಸಿ. ಕೌಂಟರಿನಲ್ಲಿ ಮುಂಗಡ ಕಟ್ಟಿದವರ ಉಳಿಕೆ ಹಣವನ್ನು ಡಿಸೆಂಬರ್ ಶುಲ್ಕದಲ್ಲಿ ಕಳೆಯುತ್ತೇವೆ. ಡಿಸೆಂಬರ್‌ನ ಮೊದಲ ಎರಡು ವಾರ ಯಾವ ದಿನವಾದರೂ ಹನ್ನೆರಡೂವರೆಗೆ ಬಂದು ಮಕ್ಕಳ ಜೊತೆ ಅದೇ ಚಾಪೆಯ ಮೇಲೆ ಕುಳಿತು ಉಂಡು ನೋಡಬಹುದು. ಹಿಂದಿನ ದಿನ ಸಂಜೆಯೊಳಗೆ ಹೇಳಿದರೆ ಅಕ್ಕಿ ಸೇರಿಸಿ ಹಾಕುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಸದಸ್ಯೆಯರು
ಶಾಲಾ ಊಟದ ಮನೆ, ಮಹಿಳಾ ಸಹಕಾರ ಸಂಘ