ಪುರುಸೊತ್ತಿಲ್ಲ ಎಂದು ಬರೆದ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಓದಿದ ದಿನವೇ ಉತ್ತರಿಸಬೇಕೆನಿಸಿತ್ತು. ಆದರೆ ನೀನು ಕೇಳಿರುವುದು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಹಾಗಾಗಿ ಇಂದು ಬೆಳಗಿನ ಎರಡು ಗಂಟೆಯನ್ನು ಇದಕ್ಕೆಂದೇ ಎತ್ತಿಟ್ಟು ಕುಳಿತಿದ್ದೇನೆ.

"ಬೆಳಗ್ಗೆ ಐದಕ್ಕೆ ಏಳುತ್ತೇನೆ, ರಾತ್ರಿ ಹನ್ನೆರಡರವರೆಗೆ ಕೂರುತ್ತೇನೆ, ಆದರೂ ಯಾವುದೂ ಮುಗಿಯುತ್ತಿಲ್ಲ. ಕಚೇರಿಯಲ್ಲಿ ಮನೆಯ ಚಿಂತೆ, ಮನೆಯಲ್ಲಿ ಕಚೇರಿಯ ಚಿಂತೆ. ಏನಾದರೂ ಉಪಾಯ ಹೇಳು" ಎಂದು ಬರೆದಿದ್ದೀಯ. ಓದುತ್ತ ಸಂಕಟವಾಯಿತು. ನೀನು ಸೋಮಾರಿಯಲ್ಲ. ನಮ್ಮ ಓರಗೆಯವರಲ್ಲಿ ನಿನ್ನಷ್ಟು ಮೈಮುರಿದು ದುಡಿಯುವವರನ್ನು ನಾನು ಕಂಡಿಲ್ಲ. ಇನ್ನೂ ಚುರುಕಾಗು, ಇನ್ನೂ ಬೇಗ ಏಳು ಎಂದು ನಿನಗೆ ಬುದ್ಧಿ ಹೇಳುವವರು ನಿನ್ನ ಕಷ್ಟವನ್ನು ತಿಳಿದುಕೊಂಡೇ ಇಲ್ಲ. ನಿನ್ನ ಕೈ ನಿಧಾನವಾಗಿಲ್ಲ, ಗೆಳೆಯ. ಆ ಕೈ ಒಮ್ಮೆಗೇ ಹಿಡಿದುಕೊಂಡಿರುವ ಕೆಲಸಗಳು ವಿಪರೀತವಾಗಿವೆ. ನನಗೂ ಹಾಗೆಯೇ ಆಗಿತ್ತು. ಅದರಿಂದ ಹೊರಬರಲು ಒಂದು ವರ್ಷವೇ ಬೇಕಾಯಿತು.

ಬೇರೇನನ್ನಾದರೂ ಹೇಳುವ ಮೊದಲು ನಿದ್ರೆಯ ಮಾತು. ಐದು ಗಂಟೆಯ ನಿದ್ರೆಗೆ ಒಗ್ಗಿಕೊಂಡಿದ್ದೇನೆ ಎಂದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿದ್ರೆಯ ಸಂಶೋಧಕ ಹ್ಯಾನ್ಸ್ ವ್ಯಾನ್ ಡಾಂಗನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 48 ಮಂದಿ ಆರೋಗ್ಯವಂತರನ್ನು ಬೇರೆ ಬೇರೆ ಗುಂಪುಗಳಾಗಿ ಮಾಡಿ ಅವರ ನಿದ್ರೆಯನ್ನೂ ಗಮನಶಕ್ತಿಯನ್ನೂ ಅಳೆದರು. ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನವೂ ನೆನಪೂ ಹದಿನಾಲ್ಕು ದಿನಗಳಲ್ಲಿ ಎಷ್ಟು ಕುಸಿಯಿತೆಂದರೆ, ಎರಡು ರಾತ್ರಿ ಪೂರ್ತಿ ಎಚ್ಚರವಿದ್ದವರ ಮಟ್ಟದವರೆಗೂ ಇಳಿಯಿತು. ನನ್ನನ್ನು ಬೆಚ್ಚಿಸಿದ್ದು ಅದರ ಮುಂದಿನ ಮಾತು: ಅವರಲ್ಲಿ ಹೆಚ್ಚಿನವರಿಗೆ ತಾವು ಅಷ್ಟು ಕುಸಿದಿದ್ದೇವೆ ಎಂಬುದೇ ಗೊತ್ತಾಗಿರಲಿಲ್ಲ. ಒಗ್ಗಿಹೋಗಿದೆ ಎಂದು ನಿನಗೆ ಅನಿಸುವುದು ಬಹುಶಃ ಹೀಗೆಯೇ. ರಾತ್ರಿ ಕದ್ದ ಎರಡು ಗಂಟೆಯನ್ನು ಮರುದಿನ ಒಂದೇ ಪತ್ರವನ್ನು ಮೂರು ಸಲ ಓದುತ್ತ, ಮಾಡಿದ ತಪ್ಪನ್ನು ತಿದ್ದುತ್ತ ಕಳೆದುಬಿಡುತ್ತೇವೆ. ಉಳಿದ ಯಾವ ಮಾತನ್ನು ಬಿಟ್ಟರೂ ಇದನ್ನು ಬಿಡಬೇಡ. ಏಳು ಗಂಟೆ ಮಲಗು.

ಈಗ ನನ್ನ ಕಥೆ. ಅಂದು ನಾನು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಏಳು ದಿನ ಅರ್ಧ ಗಂಟೆಗೊಮ್ಮೆ ಏನು ಮಾಡಿದೆನೆಂದು ಬರೆದೆ. ಮಾಡಬೇಕಾದದ್ದನ್ನಲ್ಲ, ನಿಜವಾಗಿ ಮಾಡಿದ್ದನ್ನು. ಮೂರನೆಯ ದಿನದ ಪುಟ ಈಗಲೂ ನನ್ನ ಬಳಿ ಇದೆ. ಸಂಜೆ ಏಳರ ಸಾಲಿನಲ್ಲಿ "ವರದಿ" ಎಂದು ಬರೆದಿದ್ದೇನೆ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಗೆರೆ ಇದೆ. ಮಗಳು ಬೂಟಿನ ಲೇಸ್ ಸಿಕ್ಕುಗಂಟಾಗಿದೆ ಎಂದು ಅದನ್ನು ಹಿಡಿದುಕೊಂಡು ಬಂದಿದ್ದಳು. "ಒಂದು ನಿಮಿಷ ಪುಟ್ಟಿ" ಎಂದೆ. ನಾನು ತಲೆ ಎತ್ತಿದಾಗ ಅರ್ಧ ಗಂಟೆ ಕಳೆದಿತ್ತು. ಅವಳು ನನ್ನ ಕುರ್ಚಿಯ ಕಾಲಿಗೆ ಒರಗಿ, ಬೂಟನ್ನು ಮಡಿಲಲ್ಲಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ಲೇಸಿನ ಒಂದು ತುದಿ ಒದ್ದೆಯಾಗಿತ್ತು. ಹಲ್ಲಿನಿಂದ ಕಚ್ಚಿ ತಾನೇ ಬಿಡಿಸಲು ನೋಡಿದ್ದಳು. ನಾನು ಆ ಗಂಟನ್ನು ಬಿಡಿಸಿದೆ. ಪೂರ್ತಿ ಒಂದು ನಿಮಿಷವೂ ಹಿಡಿಯಲಿಲ್ಲ. ಆ ಅರ್ಧ ಗಂಟೆಯಲ್ಲಿ ವರದಿಯೂ ಒಂದು ಪುಟ ಮುಂದೆ ಸರಿದಿರಲಿಲ್ಲ, ಏಕೆಂದರೆ ನಡುವೆ ಐದು ಇಮೇಲ್‌ಗಳಿಗೆ ಉತ್ತರ ಬರೆದಿದ್ದೆ.

ವಾರ ಮುಗಿದ ಮೇಲೆ ಲೆಕ್ಕ ಹಾಕಲು ಕುಳಿತೆ. ವಾರಕ್ಕೆ 168 ಗಂಟೆ. ನಿದ್ರೆಗೆ 56, ಕಚೇರಿಗೆ 45, ಹೋಗಿಬರಲು 10, ಸ್ನಾನ ಊಟಗಳಿಗೆ 14, ಮನೆಗೆಲಸಕ್ಕೆ 21. ಉಳಿದದ್ದು 22. ಪಕ್ಕದ ಪುಟದಲ್ಲಿ, ಆ ಉಳಿದ ಹೊತ್ತಿನಲ್ಲಿ ಮಾಡಿಕೊಡುತ್ತೇನೆಂದು ನಾನು ಒಪ್ಪಿಕೊಂಡಿದ್ದ ಕೆಲಸಗಳನ್ನೆಲ್ಲ ಬರೆದು ಕೂಡಿದೆ: 41 ಗಂಟೆ. ಎಷ್ಟು ಹೊತ್ತು ಆ ಎರಡು ಅಂಕಿಗಳನ್ನೇ ನೋಡುತ್ತ ಕುಳಿತಿದ್ದೆನೋ ತಿಳಿಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಣದ ಮಾತು ಬಂದಾಗಲೆಲ್ಲ ಹೇಳುವ ನಾನು, ಹೊತ್ತಿನ ಹಾಸಿಗೆಯನ್ನು ಒಮ್ಮೆಯೂ ಅಳೆದಿರಲಿಲ್ಲ. ನನ್ನಲ್ಲಿ ಶಿಸ್ತು ಇಲ್ಲ ಎಂದು ವರ್ಷಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ. ಇಪ್ಪತ್ತೆರಡರಲ್ಲಿ ನಲವತ್ತೊಂದನ್ನು ಯಾವ ಶಿಸ್ತೂ ತುಂಬಿಸಲಾರದು.

ನೀನೂ ಒಂದು ವಾರ ಹೀಗೆ ಬರೆದು ನೋಡು. ನಿನ್ನ ಅಂಕಿಗಳು ಬೇರೆ ಇರುತ್ತವೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು. ಜಾನ್ ಲಿಟಲ್ ಎಂಬವರು 1961ರಲ್ಲಿ ಸರದಿ ಸಾಲುಗಳ ಬಗ್ಗೆ ಒಂದು ಸರಳವಾದ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಕಾರ್ಖಾನೆಗಳವರು, ಆಸ್ಪತ್ರೆಗಳವರು ಅದನ್ನು ಬಳಸುತ್ತಾರೆ. ನಮ್ಮ ಮೇಜಿಗೂ ಅದು ಸಲ್ಲುತ್ತದೆ. ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು, ವಾರಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿದರೆ, ಒಂದು ಕೆಲಸ ಸರಾಸರಿ ಎಷ್ಟು ವಾರ ನಮ್ಮ ಕೈಯಲ್ಲಿ ಕೊಳೆಯುತ್ತದೆ ಎಂಬುದು ಸಿಗುತ್ತದೆ. ನೀನು ವಾರಕ್ಕೆ ನಾಲ್ಕನ್ನು ಮುಗಿಸುತ್ತೀಯ, ಇಪ್ಪತ್ತನ್ನು ಆರಂಭಿಸಿ ಇಟ್ಟುಕೊಂಡಿದ್ದೀಯ ಎಂದುಕೋ. ಒಂದೊಂದಕ್ಕೂ ಸರಾಸರಿ ಐದು ವಾರ. ಎಂಟನ್ನು ಮಾತ್ರ ಹಿಡಿದರೆ ಎರಡೇ ವಾರ. ನೀನು ಒಂದು ನಿಮಿಷವೂ ಹೆಚ್ಚು ದುಡಿದಿಲ್ಲ ಎಂಬುದನ್ನು ಗಮನಿಸು.

ಉಳಿದ ಹನ್ನೆರಡು ಎಲ್ಲಿ ಹೋದವು ಎಂದು ಕೇಳುತ್ತೀಯ. ಸರಿಯಾದ ಪ್ರಶ್ನೆ. ಅವು ಎಲ್ಲಿಯೂ ಹೋಗಿಲ್ಲ, ಹೊರಗೆ ಸರದಿಯಲ್ಲಿ ನಿಂತಿವೆ. ಮೊದಲೂ ಅವು ನಿಂತೇ ಇದ್ದವು, ನಿನ್ನ ಮೇಜಿನ ಮೇಲೆ, ಅರ್ಧಂಬರ್ಧವಾಗಿ. ಆದರೆ ಈಗ ಆ ಕೆಲಸ ಕೇಳಿದವರಿಗೆ "ಇನ್ನೂ ಆರಂಭಿಸಿಲ್ಲ, ಮುಂದಿನ ತಿಂಗಳು ಹಿಡಿಯುತ್ತೇನೆ" ಎಂದು ನೇರವಾಗಿ ಹೇಳಬಲ್ಲೆ. ಅವರಿಗೆ ಅವಸರವಿದ್ದರೆ ಬೇರೆಯವರ ಬಳಿ ಹೋಗುತ್ತಾರೆ. "ಆಗುತ್ತಿದೆ, ಆಗುತ್ತಿದೆ" ಎಂದು ತಿಂಗಳುಗಟ್ಟಲೆ ಕಾಯಿಸುವುದಕ್ಕಿಂತ ಇದರಲ್ಲಿ ಹೆಚ್ಚು ಮರ್ಯಾದೆಯಿದೆ ಎಂದು ನಾನು ನಂಬಿದ್ದೇನೆ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವುದರಲ್ಲಿ ಬೇರೆ ನಷ್ಟವೂ ಇದೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದಂತೆ, ಮುಗಿಯದ ಕೆಲಸವನ್ನು ಬಿಟ್ಟು ಎದ್ದಾಗ ಮನಸ್ಸಿನ ಒಂದು ಪಾಲು ಅಲ್ಲಿಯೇ ಉಳಿದುಬಿಡುತ್ತದೆ, ಹೊಸ ಕೆಲಸಕ್ಕೆ ಸಿಗುವುದು ಮಿಕ್ಕ ಪಾಲು. ಊಟಕ್ಕೆ ಕುಳಿತಾಗ ನಿನಗೆ ಕಚೇರಿಯ ಕಡತ ನೆನಪಾಗುವುದು ನಿನ್ನ ದೌರ್ಬಲ್ಯದಿಂದಲ್ಲ. ಪೂರ್ತಿಯಾಗದ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಷ್ಟು ಹಿಂದೆಯೇ ಬರೆದಿದ್ದರು. ಸಮಾಧಾನದ ಸಂಗತಿಯೆಂದರೆ, ಮನಸ್ಸನ್ನು ಸುಮ್ಮನಾಗಿಸಲು ಆ ಕೆಲಸವನ್ನು ಅಂದೇ ಮುಗಿಸಬೇಕಾಗಿಲ್ಲ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಯಾವಾಗ ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಯೋಜಿಸಿದವರಿಗೆ ಆ ಕಾಟ ಕಡಿಮೆಯಾಯಿತು.

ಹಾಗಾಗಿ ಕಚೇರಿ ಬಿಡುವ ಮುನ್ನ ಕೊನೆಯ ಹತ್ತು ನಿಮಿಷ ನಾನು ಯಾವ ಹೊಸ ಕೆಲಸಕ್ಕೂ ಕೈ ಹಾಕುವುದಿಲ್ಲ. ನಿಂತ ಕಡೆಯನ್ನು ಬರೆದಿಡುತ್ತೇನೆ. "ವರದಿ ಮುಗಿಸು" ಎಂದು ಬರೆದರೆ ಪ್ರಯೋಜನವಿಲ್ಲ. "ನಾಳೆ ಹತ್ತಕ್ಕೆ, ಮೂರನೆಯ ಭಾಗದ ಎರಡನೆಯ ಕೋಷ್ಟಕದ ಮೊತ್ತ ತಾಳೆ ನೋಡುವುದರಿಂದ ಆರಂಭ" ಎಂದು ಬರೆಯುತ್ತೇನೆ. ಪೆನ್ನು ಕೆಳಗಿಟ್ಟಾಗ ಹೆಗಲಿನಿಂದ ಏನೋ ಇಳಿದಂತಾಗುತ್ತದೆ. ಮರುದಿನ ಬೆಳಗ್ಗೆ ಎಲ್ಲಿಂದ ಹಿಡಿಯಲಿ ಎಂದು ತಡಕಾಡುವುದೂ ಇಲ್ಲ.

ಅಂದಾಜಿನ ವಿಷಯದಲ್ಲಿ ನಿನ್ನನ್ನು ನೀನು ನಂಬಬೇಡ. ನಾನೂ ನನ್ನನ್ನು ನಂಬುವುದಿಲ್ಲ. ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಸರಾಸರಿ 33.9 ದಿನ ಎಂದರು. ಎಲ್ಲವೂ ಕೆಟ್ಟರೆ? 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಕೆಟ್ಟದ್ದನ್ನು ಊಹಿಸಿಕೊಂಡು ಹೇಳಿದ ದಿನವೂ ಸಾಲಲಿಲ್ಲ. ಈಗ ನಾನು ಯಾರಿಗಾದರೂ ಗಡುವು ಹೇಳುವ ಮೊದಲು ನೋಟ್‌ಬುಕ್ ತೆಗೆದು, ಇಂಥದೇ ಕೆಲಸ ಹಿಂದಿನ ಸಲ ಎಷ್ಟು ಹಿಡಿಯಿತು ಎಂದು ನೋಡುತ್ತೇನೆ. ಈ ಸಲ ಬೇಗ ಆಗುತ್ತದೆ ಎಂದು ಮನಸ್ಸು ಹೇಳುತ್ತದೆ. ಅದರ ಮಾತನ್ನು ಕೇಳುವುದಿಲ್ಲ.

ಮೇಲಧಿಕಾರಿಗೆ ಆಗುವುದಿಲ್ಲ ಎನ್ನುವುದು ಹೇಗೆ ಎಂಬ ನಿನ್ನ ಅಳುಕು ನನಗೆ ಅರ್ಥವಾಗುತ್ತದೆ. ನಾನು ಆಗುವುದಿಲ್ಲ ಎನ್ನಲೇ ಇಲ್ಲ. ಕೈಯಲ್ಲಿದ್ದ ಹದಿನೇಳು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಒಂದೊಂದರ ಮುಂದೆ ಬೇಕಾಗುವ ಗಂಟೆಗಳನ್ನು ಬರೆದು, ಅವರ ಮುಂದಿಟ್ಟೆ. "ಈ ವಾರ ಇವುಗಳಲ್ಲಿ ನಾಲ್ಕನ್ನು ಚೆನ್ನಾಗಿ ಮುಗಿಸಬಲ್ಲೆ. ಯಾವ ನಾಲ್ಕು ಎಂದು ತಾವೇ ಹೇಳಿ" ಎಂದೆ. ಅವರು ಸಿಡುಕಲಿಲ್ಲ. ಹಾಳೆಯನ್ನು ನಿಧಾನವಾಗಿ ಓದಿ, ಎರಡರ ಮೇಲೆ ಗೆರೆ ಎಳೆದು, "ಇವು ಈಗ ಬೇಕಾಗಿಯೇ ಇಲ್ಲವಲ್ಲ" ಎಂದರು. ಆ ಎರಡನ್ನು ನಾನು ಮೂರು ತಿಂಗಳಿನಿಂದ ತಲೆಯಲ್ಲಿ ಹೊತ್ತು ತಿರುಗುತ್ತಿದ್ದೆ. ಎಲ್ಲ ಅಧಿಕಾರಿಗಳೂ ಹೀಗಿರುವುದಿಲ್ಲ, ನಿಜ. ಆದರೂ ಹಾಳೆಯ ಮೇಲೆ ಗಂಟೆಗಳು ಕಾಣುವಾಗ ನಡೆಯುವ ಮಾತೇ ಬೇರೆ.

ಗಡಿಯಾರ ಇಟ್ಟುಕೊಂಡು ಕೆಲಸ ಮಾಡುವ ವಿಧಾನಗಳ ಬಗ್ಗೆ ಕೇಳಿದ್ದೀಯ. ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ, 25 ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪದ್ಧತಿ ಮನಸ್ಸಿಲ್ಲದ ಕೆಲಸವನ್ನು ಆರಂಭಿಸಲು ಒಳ್ಳೆಯದು. ಬರವಣಿಗೆಗೆ ನನಗೆ ಅದು ಒಗ್ಗಲಿಲ್ಲ, ಕೈ ಹತ್ತುವ ಹೊತ್ತಿಗೆ ಗಂಟೆ ಬಾರಿಸುತ್ತದೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡು. ಇದರ ಬಗ್ಗೆ ಇಷ್ಟು ಸಾಕು.

ಮನೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡ. "ಹೆಂಡತಿಗೆ ಕೈಲಾದಷ್ಟು ಸಹಾಯ ಮಾಡುತ್ತೇನೆ" ಎಂದು ಬರೆದಿದ್ದೀಯ. ಆ ಸಹಾಯ ಎಂಬ ಪದದಲ್ಲಿಯೇ ತೊಡಕಿದೆ. ಆ್ಯಲಿಸನ್ ಡ್ಯಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ 35 ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಬರೆದದ್ದು ಇದು: ಮನೆಗೆಲಸದಲ್ಲಿ ಕಣ್ಣಿಗೆ ಕಾಣದ ನಾಲ್ಕು ಹಂತಗಳಿವೆ. ಏನು ಬೇಕಾಗುತ್ತದೆ ಎಂದು ಮುಂಚೆಯೇ ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೇ ಎಂದು ನೋಡುತ್ತಿರುವುದು. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಣ್ಣಿನ ತಲೆಯ ಮೇಲೆಯೇ ಬೀಳುತ್ತವೆ. ಮಗುವನ್ನು ಲಸಿಕೆಗೆ ಕರೆದುಕೊಂಡು ಹೋಗುವುದು ನೀನು, ಸರಿ. ಲಸಿಕೆಯ ದಿನ ಬಂತು ಎಂದು ನೆನಪಿಟ್ಟವರು ಯಾರು? ಕಾರ್ಡು ಎಲ್ಲಿದೆ ಎಂದು ನೀನು ಕೇಳಿದ್ದು ಯಾರನ್ನು? ಅತ್ತಿಗೆಯವರು ಹೇಳಿದ ಐದು ಕೆಲಸಗಳನ್ನು ಮಾಡಿದರೂ ಅವರ ತಲೆಯ ಭಾರ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಒಂದೇ ಒಂದನ್ನು ನೆನಪಿನಿಂದ ಹಿಡಿದು ಮುಗಿಯುವವರೆಗೆ ನೀನೇ ಹೊತ್ತುಕೊಂಡರೆ ಅವರಿಗೆ ನಿಜವಾಗಿ ಬಿಡುವು ಸಿಗುತ್ತದೆ. ನಮ್ಮ ಮನೆಯಲ್ಲಿ ಮಗಳ ಶಾಲೆಯ ವ್ಯವಹಾರ ಪೂರ್ತಿ ನನ್ನದು. ಬ್ಯಾಗು, ಶುಲ್ಕ, ಪೋಷಕರ ಸಭೆ, ಚಿಕ್ಕದಾದ ಬೂಟು, ಎಲ್ಲವೂ. ಮೊದಲ ತಿಂಗಳು ಎರಡು ಸಲ ಎಡವಿದೆ. ನನ್ನಾಕೆ ನೆನಪಿಸಲು ಬಾಯಿ ತೆರೆದು, ತಡೆದುಕೊಂಡಳು. ಆ ತಾಳ್ಮೆಗೆ ನಾನು ಋಣಿ.

ಈಗ ಸಂಜೆ ಏಳರಿಂದ ಎಂಟೂವರೆ ನನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಇರುತ್ತದೆ. ಅದನ್ನು ಯಾವುದಕ್ಕೂ ಕೊಡುವುದಿಲ್ಲ. ಮಗಳು ಏನಾದರೂ ಹಿಡಿದುಕೊಂಡು ಬರುತ್ತಾಳೆ, ಕೆಲವೊಮ್ಮೆ ಬರುವುದಿಲ್ಲ. ಬಾರದ ದಿನ ಸುಮ್ಮನೆ ಕೂರುತ್ತೇನೆ. ಮೊದಮೊದಲು ಹಾಗೆ ಕೂರುವುದು ಬಹಳ ಕಷ್ಟವಾಯಿತು, ಏನೋ ತಪ್ಪು ಮಾಡುತ್ತಿರುವಂತೆ ಅನಿಸುತ್ತಿತ್ತು.

ನಾಳೆಯಿಂದ ಆರಂಭಿಸಬೇಡ. ನಿನ್ನ ನಾಳೆ ಈಗಾಗಲೇ ತುಂಬಿಹೋಗಿದೆ. ಸೋಮವಾರದಿಂದ ಏಳು ದಿನ ಬರಿ, ಏನನ್ನೂ ಬದಲಾಯಿಸದೆ ಬರೀ ಬರಿ. ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ನೋಟ್‌ಬುಕ್ ಮುಂದಿಟ್ಟುಕೊಂಡು ನನಗೆ ಫೋನ್ ಮಾಡು. ಇಬ್ಬರೂ ಸೇರಿ ಎರಡು ಪುಟಗಳ ಲೆಕ್ಕ ಕೂಡೋಣ, ಯಾವುದಕ್ಕೆ ಗೆರೆ ಎಳೆಯಬೇಕೆಂದು ನೋಡೋಣ. ನಾಲ್ಕರಿಂದ ಐದೂವರೆ ನಿನಗಾಗಿ ಇಟ್ಟಿದ್ದೇನೆ, ಆ ಹೊತ್ತಿಗೆ ಬೇರೆ ಯಾರನ್ನೂ ಒಪ್ಪಿಕೊಂಡಿಲ್ಲ.

ಅತ್ತಿಗೆಯವರಿಗೆ ನಮಸ್ಕಾರ ತಿಳಿಸು, ಮಗುವಿಗೆ ಮುದ್ದು.

ನಿನ್ನ
ಗೆಳೆಯ